ಕೆಳಗಿಳಿದ ಮಂಚ

ಫ್ರೇ ಊರಿನಲ್ಲಿ ಯಾರದೇ ಮದುವೆಯಾದರೂ ಹೊಸ ಜೋಡಿಯ ಹಾಸಿಗೆ ಹಾಸಲು ಅಂಫಾಳನ್ನೂ ಅವಳ ಗಂಡ ತವಿನ್‌ನನ್ನೂ ಕರೆಯುತ್ತಿದ್ದರು. ಹೊಂದಿಕೊಂಡು ಮುದುಕರಾದ ಗಂಡ ಹೆಂಡತಿ ಮೊದಲು ಆ ಹಾಸಿಗೆಯ ಮೇಲೆ ಒರಗಿ 'ನಮ್ಮ ಹಾಗೇ ಬಾಳಿ' ಎನ್ನಬೇಕು. ಆಮೇಲೆಯೇ ಅದು ಮದುಮಕ್ಕಳದ್ದು. ಅಂಫಾಗೆ ಇದರಲ್ಲಿ ಕೊಂಚ ಜಂಬವೂ ಇತ್ತು ಅನ್ನಿ.

ಆದರೆ ಸ್ವಂತ ಮಗಳು ದಾರಿನ್ ಮದುವೆಯಾಗಲು ಹೊರಟದ್ದು ಪಿಮ್ ಎಂಬ ಹೆಣ್ಣನ್ನು. ಇಷ್ಟು ವರ್ಷ ಅಂಫಾ ಅವಳನ್ನು ಮಗಳ ಗೆಳತಿ, ಬಾಡಿಗೆ ಉಳಿಸಲು ಜೊತೆಗಿದ್ದಾಳೆ ಎಂದು ಹೇಳಿ ಊರವರ ಬಾಯಿ ಮುಚ್ಚಿಸಿದ್ದಳು. ಈಗ ಇಂಥ ಮದುವೆಯನ್ನು ಕಾನೂನೇ ಒಪ್ಪಿಕೊಂಡಿತ್ತು, ಇನ್ನು ಆ ಸುಳ್ಳು ನಡೆಯುವಂತಿರಲಿಲ್ಲ. ಹಾಸಿಗೆ ನೀವೇ ಹಾಸಬೇಕೆಂದು ಮಗಳು ಕೇಳಿದಾಗ ಅಂಫಾ ಮಂಡಿನೋವಿನ ನೆಪ ತೆಗೆದಳು. ನಿಮ್ಮ ಮನೆ ಮೆಟ್ಟಿಲು ಹತ್ತಲಾರೆ, ಬೇರೆ ಯಾರನ್ನಾದರೂ ಕರೆಯಿರಿ ಎಂದಳು. ಹೆಂಡತಿಯ ಮುಖ ನೋಡಿಯೇ ಅದು ನೆಪವೆಂದು ತವಿನ್ ತಿಳಿದುಕೊಂಡ. ದಾರಿನ್ ಮಾತ್ರ ನಂಬಿದಳು, ಪಾಪ.

ಮದುವೆಯ ದಿನ ಹಿರಿಯರು ಕೈಗೆ ನೀರೆರೆದು ಹರಸಿದ್ದಾಯಿತು. ಅಂಫಾ ತಿರುಗಿ ನೋಡುತ್ತಾಳೆ, ಮರದ ಕಂಬಗಳ ಮೇಲೆ ನಿಂತ ಮಗಳ ಮನೆಯ ಕೆಳಗೆ, ನೆಂಟರು ಊಟಕ್ಕೆ ಕೂತಲ್ಲೇ, ಮಂಚ ಹಾಕಿದೆ. ಮದುಮಕ್ಕಳಿಬ್ಬರೇ ಬೆಳಿಗ್ಗೆ ಎದ್ದು ಅದನ್ನು ಬಿಚ್ಚಿ ಇಳಿಸಿ ಜೋಡಿಸಿದ್ದರಂತೆ.

"ನೀನು ಹತ್ತೋದು ಬೇಡಮ್ಮ. ಮಂಚಾನೇ ಇಳಿದು ಬಂದಿದೆ," ಎಂದಳು ದಾರಿನ್. ಅತ್ತೆಯ ಮಂಡಿಗೆ ಆನಿಸಲೆಂದು ಪಿಮ್ ದಿಂಬು ಹಿಡಿದು ನಿಂತಿದ್ದಳು.

ಪಕ್ಕದ ಮನೆಯ ಲಮ್ಯೈಗೆ ತಡೆಯಲಾಗಲಿಲ್ಲ. "ಮಂಡಿನೋವಾ? ಮೊನ್ನೆ ನಮ್ಮ ಹುಡುಗನ ಮದ್ವೇಲಿ ನನಗಿಂತ ಮುಂಚೆ ಮಹಡಿ ಹತ್ತಿದ್ಯಲ್ಲೇ ಮಾರಾಯ್ತಿ."

ಕೆಲವರು ನಕ್ಕರು. ಹಾಸಿಗೆಯ ಅಂಚು ಎಳೆಯುತ್ತಿದ್ದ ದಾರಿನ್‌ಳ ಕೈ ನಿಂತಿತು. ತಾಯಿಯ ಮುಖ ನೋಡಿದಳು, ಮಂಡಿ ನೋಡಿದಳು, ತಲೆ ತಗ್ಗಿಸಿದಳು. ಊರು ನಗುತ್ತದೆಂದು ಹೆದರಿದ್ದ ಅಂಫಾಗೆ ಆ ನಗು ಕಿವಿಗೇ ಬೀಳಲಿಲ್ಲ. ಮಗಳು ತಗ್ಗಿಸಿದ ತಲೆ ನೋಡಿ ನಾಚಿಕೆಯಿಂದ ಭೂಮಿಗಿಳಿದು ಹೋದಳು.

ತವಿನ್ ಆಗಲೇ ಒರಗಿ ಪಕ್ಕದಲ್ಲಿ ಜಾಗ ಬಿಟ್ಟಿದ್ದ. ಅವಳೂ ಒರಗಿದಳು. ಎಷ್ಟೋ ಮದುವೆಗಳಲ್ಲಿ ಸಲೀಸಾಗಿ ಆಡಿದ ಮಾತನ್ನೇ ಈಗ ಆಡಬೇಕಿತ್ತು. ನಮ್ಮ ಹಾಗೇ ಬಾಳಿ ಎನ್ನಲು ಯಾವ ಮುಖ?

"ನನ್ನ ಹಾಗೆ ಆಗ್ಬೇಡಿ," ಎಂದಳು ಕೊನೆಗೆ. "ಮಂಡಿನೋವು ಇಲ್ಲ ಕಣೇ ದಾರಿನ್. ಯಾವತ್ತೂ ಇರ್ಲಿಲ್ಲ."

ಪಿಮ್ ಬಗ್ಗಿ, ಆ ದಿಂಬನ್ನು ಅತ್ತೆಯ ಮಂಡಿಯ ಕೆಳಗೇ ಇಟ್ಟಳು.