ಕುಳಿತು ಮಾಡಿದ ಪ್ರಾರ್ಥನೆ

ಎಲ್ಯಾಸ್ ಬೆಳಿಗ್ಗೆ ಎದ್ದವನೇ ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥಿಸುವವನು. ಫಿನ್ಲೆಂಡಿನ ಆ ಸೇನಾಶಿಬಿರಕ್ಕೆ ಬಂದ ಮರುದಿನವೇ ಪಕ್ಕದ ಮಂಚದ ಓನ್ನಿ ಅವನಿಗೆ ಪಾದ್ರಿಯೆಂದು ಹೆಸರಿಟ್ಟಿದ್ದ. ಎಲ್ಯಾಸ್ ದೇವರಲ್ಲಿ ಬೇಡುತ್ತಿದ್ದುದು ಒಂದನ್ನೇ, ಹಸಿರು ಟೋಪಿ. ಮೂಟೆ ಹೊತ್ತು ಅರವತ್ತು ಕಿಲೋಮೀಟರು ನಡೆದು ಮುಗಿಸಿದವರಿಗೆ ಮಾತ್ರ ಅದು. ಅಪ್ಪನ ಟೋಪಿ ಮನೆಯಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇತ್ತು.

ಎಂಟನೆಯ ವಾರ ಎಡಗಾಲಿನಲ್ಲಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ, ನಾಣ್ಯದಗಲದ ಜಾಗದಲ್ಲಿ, ಕೆಂಡವಿಟ್ಟಂತಾಯಿತು. ಮೊದಮೊದಲು ನಡೆದಾಗ ಮಾತ್ರ. ಆಮೇಲೆ ಮಲಗಿದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ಕಾಲನ್ನು ನೆಲಕ್ಕೂರಲಾಗದೆ ಮಂಚದಂಚಿನಲ್ಲೇ ಕುಳಿತು ಕಣ್ಣು ಮುಚ್ಚಿದ.

“ಏನ್ ಪಾದ್ರಿಗಳೇ, ಕೂತ್ಕೊಳ್ಳಕ್ಕೆ ದೇವ್ರ ಅಪ್ಪಣೆ ಸಿಕ್ತಾ?” ಎಂದ ಓನ್ನಿ. ಕಾಲು ನೋಡಿದ ಮೇಲೆ ಅವನ ನಗು ನಿಂತಿತು. ಯಾರಿಗೂ ಹೇಳಬೇಡವೆಂದು ಎಲ್ಯಾಸ್ ಅವನಿಂದ ಮಾತು ತೆಗೆದುಕೊಂಡ.

ನಡಿಗೆಗೆ ಮುಂಚೆ ಡಾಕ್ಟರು ಎಲ್ಲರ ಕಾಲನ್ನೂ ಪರೀಕ್ಷಿಸಿದರು. ಹಾಡುಗಾರರು ಶ್ರುತಿ ಹಿಡಿಯುವಂಥ ಉಕ್ಕಿನ ಕವೆಯನ್ನು ಮೀಟಿ ಮೂಳೆಗೆ ಒತ್ತುವುದು ಅವರ ಪದ್ಧತಿ. ಬಿರುಕುಬಿಟ್ಟ ಮೂಳೆ ಆ ಕಂಪನವನ್ನು ತಾಳಲಾರದು. ಎಲ್ಯಾಸ್ ಮನಸ್ಸಿನಲ್ಲೇ ಪ್ರಭುವಿನ ಪ್ರಾರ್ಥನೆ ಹೇಳಿಕೊಳ್ಳತೊಡಗಿದ. ಅನುದಿನದ ರೊಟ್ಟಿ ಕೊಡು ಎಂದು ಬೇಡುವ ಸಾಲಿಗೆ ಬರುವಾಗ ಕವೆ ಮೂಳೆಯನ್ನು ಮುಟ್ಟಿತು. ಹುಬ್ಬೂ ಅಲುಗಲಿಲ್ಲ.

“ನೋವಾಯ್ತಾ?”

“ಇಲ್ಲ ಸರ್.”

ಅಷ್ಟು ದೊಡ್ಡ ಸುಳ್ಳನ್ನು ಅವನು ಹುಟ್ಟಿದಂದಿನಿಂದ ಆಡಿರಲಿಲ್ಲ. ಆಡಿದ್ದು ಪ್ರಾರ್ಥನೆಯ ನಡುವೆ.

ಗುರುವಾರ ಬಟಾಣಿ ಸೂಪು ಕುಡಿದು ಹೊರಟರು. ಐವತ್ತೊಂದನೆಯ ಕಿಲೋಮೀಟರಿನಲ್ಲಿ ಲಟಕ್ಕೆಂದಿತು. ಹಿಂದೆ ಬರುತ್ತಿದ್ದ ಓನ್ನಿ ಪೈನ್ ಮರದ ಕೊಂಬೆಯೇ ಮುರಿಯಿತೆಂದುಕೊಂಡ.

ಆಸ್ಪತ್ರೆಯಲ್ಲಿ ಮೂಳೆಯೊಳಗೆ ಸರಳು ಹಾಕಿದರು. ಶಿಬಿರದ ಡಾಕ್ಟರು ಬಂದು ನಿಂತರು, ಬೈಯಲಿಲ್ಲ. ಮೊದಲೇ ಹೇಳಿದ್ದರೆ ಕೆಲವು ವಾರ ವಿಶ್ರಾಂತಿ ಪಡೆದು ಮುಂದಿನ ತಂಡದೊಡನೆ ನಡೆಯಬಹುದಿತ್ತು ಎಂದರು. ಇನ್ನು ಈ ಕಾಲು ಮನೆಮಟ್ಟಿಗೆ ನಡೆದೀತು, ಸೇನೆಗೆ ಆಗದು.

ಸಂಜೆ ಓನ್ನಿ ಬಂದ. ಅವನ ಜೇಬಿನಿಂದ ಹಸಿರು ಅಂಚು ಇಣುಕುತ್ತಿತ್ತು.

“ಹಾಕ್ಕೊಳ್ಳೋ, ನೋಡ್ತೀನಿ,” ಎಂದ ಎಲ್ಯಾಸ್.

ಓನ್ನಿ ಟೋಪಿ ಹಾಕಿಕೊಂಡು ತಲೆತಗ್ಗಿಸಿ ನಿಂತ. “ನಾನು ಹೇಳ್ಬಿಡ್ಬೇಕಿತ್ತು ಕಣೋ.”

“ನಾನೇ ಬೇಡ ಅಂದಿದ್ನಲ್ಲ.”

ಮರುದಿನ ಬೆಳಿಗ್ಗೆ ಎಲ್ಯಾಸ್ ಮಲಗಿದ್ದಲ್ಲೇ ಕೈಮುಗಿದ. ರೊಟ್ಟಿ ಬೇಡುವ ಸಾಲಿನವರೆಗೆ ಹೋದ. ಅಲ್ಲಿ ಆ ಉಕ್ಕಿನ ಗುಂಯ್‌ಗುಡುವಿಕೆ ಮತ್ತೆ ಮೂಳೆಯೊಳಗೆ ಎದ್ದಿತು. ಕ್ಷಮೆ ಬೇಡುವ ಸಾಲು ಅದರ ಮುಂದಿನದು. ಅಲ್ಲಿಗೆ ಅವನು ತಲುಪಲಿಲ್ಲ.