ಮೂವತ್ತೆಂಟು ಮಿಲಿಮೀಟರು

"ಲೇ ಗಂಗೀ, ನಿನ್ನ ಕೈ ಸೇದೋಗ! ಒಣಾ ಗ್ಲಾಸು ಹಿಡ್ಕಂಡು ಯಾರ್ ಮಕಕ್ಕೆ ತೋರುಸ್ತೀಯೇ? ಅಧ್ಯಕ್ಷರ ಜೀಪು ಹೊನ್ನವಳ್ಳಿ ದಾಟೈತಂತೆ!"

ರೆವಿನ್ಯೂ ಇನ್ಸ್‌ಪೆಕ್ಟರ್ ಶಂಭುಲಿಂಗಯ್ಯ ಹೋಬಳಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕಿರುಚುತ್ತಿದ್ದ. ಅಂಗಳದ ಮಳೆಮಾಪಕದ ಪಕ್ಕ ಚಿಕ್ಕಗಂಗಮ್ಮ ನಿಂತಿದ್ದಳು. ಕಚೇರಿ ಗುಡಿಸುವುದರ ಜೊತೆಗೆ, ಬೆಳಿಗ್ಗೆ ಎಂಟೂವರೆಗೆ ಮಾಪಕದ ಬಾಟಲಿಯ ನೀರನ್ನು ಗೆರೆಯ ಗ್ಲಾಸಿಗೆ ಸುರಿದು ಎಷ್ಟೆಂದು ಹೇಳುವುದೂ ಹನ್ನೆರಡು ವರ್ಷದಿಂದ ಅವಳದೇ ಕೆಲಸ. ಅಕ್ಷರ ಬಾರದಿದ್ದರೂ ಗೆರೆ ಬರುತ್ತಿತ್ತು. ಒಂದು ಗೆರೆಯನ್ನೂ ಅವಳು ಹೆಚ್ಚು ಹೇಳಿದವಳಲ್ಲ, ಕಡಿಮೆ ಹೇಳಿದವಳಲ್ಲ.

"ಮಳೆ ಉಯ್ದಿದ್ರೆ ತಾನೇ ಸ್ವಾಮಿ ತೋರ್ಸಾದು? ನಮ್ ಹಟ್ಟೀಲಿ ಒರಳಿಗೇ ಕೋಳಿ ಕಾವು ಕೂರ್ಸೀವಿ."

ಅದು ಸುಳ್ಳಲ್ಲ. ಊರಾಚೆಯ ಹಟ್ಟಿಯವರು ಮಳೆ ಅಳೆಯುವುದು ಅಂಗಳದ ಒರಳುಕಲ್ಲಿನಲ್ಲಿ. ಮೂರು ಬೆರಳು ನೀರು ನಿಂತರೆ ರಾಗಿ ಚೆಲ್ಲುವ ಹದ, ಒಂದೇ ಬೆರಳಾದರೆ ಧೂಳಡಗಿದ ಲೆಕ್ಕ. ಈ ವರ್ಷ ಮಖೆ ಮಳೆಯೂ ಕೈಕೊಟ್ಟ ಮೇಲೆ ಸಿದ್ದಕ್ಕ ತನ್ನ ಒರಳಿಗೆ ಹುಲ್ಲು ಹಾಸಿ ಹೇಟೆಯನ್ನು ಕೂರಿಸಿಬಿಟ್ಟಿದ್ದಳು.

ಆದರೆ ಹೋದ ವಾರ ವಿಮಾನವೊಂದು ಮೋಡಕ್ಕೆ ಉಪ್ಪು ಬಿತ್ತಿ ಹೋಗಿತ್ತು. ಚುನಾವಣೆ ಹತ್ತಿರವಿತ್ತು. ಮೋಡಬಿತ್ತನೆ ಸಮಿತಿಯ ಅಧ್ಯಕ್ಷ ಹನುಮಂತರಾಜು, ವಿಮಾನದಿಂದ ಮಳೆ ಬಂತೆಂದು ಪತ್ರಿಕೆಯವರಿಗೆ ಆಗಲೇ ಹೇಳಿಯೂ ಆಗಿತ್ತು. ಮಳೆ ಬರುವುದೊಂದು ಬಾಕಿ. ಆ ಮಳೆ ಕಚೇರಿಯ ಲೆಕ್ಕದ ಪುಸ್ತಕಕ್ಕೆ ಏರಿದರೆ ಹೋಬಳಿ ಬರಪಟ್ಟಿಯಿಂದ ಹೊರಕ್ಕೆ. ಕೆರೆ ಹೂಳೆತ್ತುವ ಕೆಲಸವಿಲ್ಲ, ಕೂಲಿಗೆ ಕೊಡುವ ಅಕ್ಕಿಯಿಲ್ಲ. ನುಸಿ ಹತ್ತಿ ತೆಂಗಿನಕಾಯಿ ನಿಂಬೆಹಣ್ಣಿನ ಗಾತ್ರದಲ್ಲೇ ಉದುರುತ್ತಿದ್ದ ಆ ವರ್ಷ, ಕಾಯಿ ಸುಲಿದು ಬದುಕುವ ಹಟ್ಟಿಯ ನಲವತ್ತು ಮನೆಗೆ ಉಳಿದಿದ್ದದ್ದು ಆ ಕೆರೆ ಕೆಲಸವೊಂದೇ.

"ನೀರು ಹುಯ್ಯೇ ಅದಕ್ಕೆ. ಮೂವತ್ತೆಂಟು ಇರ್ಬೇಕು ಅಂತ ಮೇಲಿಂದ ಫೋನ್ ಬಂದೈತೆ."

"ಯಾವ ನೀರು ಸ್ವಾಮಿ? ತೊಟ್ಟಿ ಒಣಗೈತೆ. ನಿಮ್ಮ ಹೂಜಿ ನಾನ್ ಮುಟ್ಟಂಗಿಲ್ಲ."

ಹನ್ನೆರಡು ವರ್ಷದಲ್ಲಿ ಆ ಹೂಜಿಯಿಂದ ಅವಳಿಗೆ ಒಂದು ಲೋಟ ನೀರು ಸಿಕ್ಕಿರಲಿಲ್ಲ. ಶಂಭುಲಿಂಗಯ್ಯ ಹೂಜಿ ನೋಡಿದ, ಅವಳನ್ನು ನೋಡಿದ, ಗಡಿಯಾರ ನೋಡಿದ.

"ಏನಾರ ಹುಯ್ದು ಸಾಯೇ, ಮುಂಡೇದೇ!" ಎಂದು ಹಾರ ತರಲು ಓಡಿದ.

ಚಿಕ್ಕಗಂಗಮ್ಮ ಸುತ್ತ ನೋಡಿದಳು. ಜಗಲಿಯಲ್ಲಿ ದೊಡ್ಡವರಿಗೆಂದು ತಂದ ಎಳನೀರಿನ ಗೊನೆ ಬಿದ್ದಿತ್ತು. ಮಚ್ಚು ತೆಗೆದು ಎರಡನ್ನು ಕೆತ್ತಿ, ಮೂವತ್ತೆಂಟು ಗೆರೆಗೆ ಅಳೆದು ಮಾಪಕಕ್ಕೆ ಬಗ್ಗಿಸಿದಳು.

ಜೀಪಿನಿಂದ ಹನುಮಂತರಾಜು ಇಳಿದ. ಹಿಂದೆ ಇಬ್ಬರು ಪತ್ರಕರ್ತರು, ಹವಾಮಾನದ ಅಧಿಕಾರಿ ರಾಧಾಮಣಿ. ಬೇಲಿಯಾಚೆ ಹಟ್ಟಿಗೆ ಹಟ್ಟಿಯೇ ಬಂದು ನಿಂತಿತ್ತು.

"ಸರ್, ಆ ದಿನ ಮೋಡದಲ್ಲಿ ತೇವವೇ ಇರ್ಲಿಲ್ಲ. ನನ್ನ ವರದೀಲಿ..." ಎಂದಳು ರಾಧಾಮಣಿ.

"ನಿಮ್ಮ ವರದೀನ ನಾನೇ ತಿದ್ದುಸಿದೀನಿ ಕಣಮ್ಮ. ವಿಜ್ಞಾನ ಜನಪರವಾಗಿರ್ಬೇಕು."

ಚಿಕ್ಕಗಂಗಮ್ಮ ಗ್ಲಾಸಿಗೆ ಸುರಿದು ಅಳೆದಳು. ಮೊದಲು ಇಪ್ಪತ್ತು, ಅದನ್ನು ಲೋಟಕ್ಕೆ ಬಗ್ಗಿಸಿ ಮತ್ತೆ ಹದಿನೆಂಟು. ಶಂಭುಲಿಂಗಯ್ಯ ಚಪ್ಪಾಳೆ ತಟ್ಟಿದ. ಎಲ್ಲಿಂದಲೋ ಒಂದು ನೊಣ ಬಂದು ಗ್ಲಾಸಿನ ಅಂಚಿಗೆ ಕೂತಿತು, ಹಿಂದೆಯೇ ಇನ್ನೆರಡು.

"ಅಧ್ಯಕ್ಷ್ರೇ, ನಿಮ್ ಇಮಾನದ ಮಳೆ. ನನ್ ಕೈಯಿಂದ ಒಂದ್ ಗುಟುಕು ಕುಡೀರಿ. ಫೋಟಾ ಚೆನ್ನಾಗ್ ಬತ್ತದೆ," ಎಂದು ಗ್ಲಾಸು ಚಾಚಿದಳು.

ಎರಡು ಕ್ಯಾಮೆರಾ ಮೇಲೆದ್ದವು. ಹಟ್ಟಿಯವಳ ಕೈಯದ್ದು ಬೇಡವೆಂದರೆ ನಾಳೆ ಪೇಪರಿನಲ್ಲಿ ಅದೇ ದೊಡ್ಡದಾಗುತ್ತದೆ. ಹನುಮಂತರಾಜು ಹಲ್ಲು ಕಿರಿದು, ಕಣ್ಣು ಮುಚ್ಚಿ ಒಂದು ಗುಟುಕು ಎಳೆದ. ತೆಂಗಿನ ತೋಟದ ಒಡೆಯನ ನಾಲಿಗೆ, ಎಳನೀರು ಕುಡಿದೇ ಬೆಳೆದದ್ದು. ಅದು ಒಡೆಯನನ್ನು ಕೇಳಲಿಲ್ಲ.

"ಒಸಿ ಬಲ್ತ್‌ಬುಟ್ಟೈತಲ್ಲಯ್ಯ, ಇನ್ನೂ ಎಳೇದು ಸಿಗ್ನಿಲ್ವಾ?"

ಬೇಲಿಯಾಚೆ ಮೊದಲು ನಕ್ಕವಳು ಸಿದ್ದಕ್ಕ. "ಇಮಾನದೋರು ಮುಂದಿನ್ ಸಲ ಎಳೇ ಮಳೇನೇ ಕೆಡವ್ತಾರೆ ಬುಡಿ!" ಎಂದದ್ದೇ ತಡ, ನಲವತ್ತು ಮನೆಯ ನಗೆಯೂ ಒಟ್ಟಿಗೆ ಬಿತ್ತು. ಒಬ್ಬ ಪತ್ರಕರ್ತ ನಗುತ್ತಲೇ ಬರೆದುಕೊಳ್ಳುತ್ತಿದ್ದ. ಅಷ್ಟು ದಿನದ ಮೇಲೆ ಆ ಜನ ಹಾಗೆ ನಕ್ಕದ್ದು ಕಂಡು ಚಿಕ್ಕಗಂಗಮ್ಮನ ಎದೆ ತುಂಬಿಬಂತು.

ಗ್ಲಾಸಿನಲ್ಲಿ ಉಳಿದದ್ದನ್ನೂ ಲೋಟದ್ದನ್ನೂ ನೆಲಕ್ಕೆ ಚೆಲ್ಲಿದಳು. ಬಾಟಲಿಯನ್ನು ತಲೆಕೆಳಗು ಮಾಡಿ ರಾಧಾಮಣಿಯ ಮುಂದೆ ಹಿಡಿದಳು. "ಈಗ ನೋಡಿ ಬರ್ಕಳಿ, ಅಮ್ಮಣ್ಣಿ."

ರಾಧಾಮಣಿ ಮಳೆಲೆಕ್ಕದ ಪುಸ್ತಕ ಎಳೆದುಕೊಂಡು ದೊಡ್ಡದೊಂದು ಸೊನ್ನೆ ಬರೆದಳು. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದಳು.

"ನಾಳೆಯಿಂದ ಕಚೇರಿ ಕಡೆ ತಲೆ ಹಾಕ್ಬೇಡ, ಬೋಸುಡಿ!" ಎಂದು ಶಂಭುಲಿಂಗಯ್ಯ ಕಿರುಚಿದ.

"ಪುರುಸೊತ್ತೆಲ್ಲೈತೆ ಸ್ವಾಮಿ? ಕೆರೆ ಕೆಲ್ಸ ಸುರುವಾಯ್ತದೆ," ಎಂದು ಚಿಕ್ಕಗಂಗಮ್ಮ ಪೊರಕೆಯನ್ನು ಅವನ ಕೈಗಿಟ್ಟಳು. "ಮೂಲೆ ಬುಡ್ದಂಗೆ ಗುಡ್ಸಿ."