ಒಂದು ಮೆಟ್ಟಿಲು ಕೆಳಗೆ

“ಮೂರೂ ಅದೇ ಮಾತು ಹೇಳ್ತಿವೆ ಸರ್. ಇನ್ನೂ ಅನುಮಾನಾನಾ?”

ವಾದ್ಯದಂಗಡಿಯಾಕೆ ಹೀಗೆಂದಾಗ ಕನ್ನಡಕದಂಗಡಿಯವರ ಎದುರು ಮೂರು ಟ್ಯೂನರ್‌ಗಳಿದ್ದವು, ಶ್ರುತಿ ತೋರಿಸುವ ಪುಟ್ಟ ಯಂತ್ರಗಳು. ತೊಡೆಯ ಮೇಲಿದ್ದ ತಮ್ಮ ಹಳೇ ಗಿಟಾರಿನ ತಲೆಯನ್ನು ಕಚ್ಚಿಕೊಂಡಿದ್ದ ಟ್ಯೂನರನ್ನು, ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪಿಗೂ ಇದಕ್ಕೂ ಏನು ವ್ಯತ್ಯಾಸ ಎಂಬಂತೆ, ಹಿಂದೆ ಮುಂದೆ ತಿರುಗಿಸಿ ನೋಡಿದರು. ದಪ್ಪ ತಂತಿಯನ್ನು ಮತ್ತೊಮ್ಮೆ ಮೀಟಿದರು. ಹೆಬ್ಬೆರಳಗಲದ ಪರದೆಯಲ್ಲಿ ಆ ಸ್ವರದ ಇಂಗ್ಲಿಷ್ ಅಕ್ಷರ ಮೂಡಿತು. ಬರಬೇಕಾದ ಅಕ್ಷರವಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು.

“ಮೂರನ್ನೂ ಒಬ್ಬರೇ ಮಾಡಿರ್ತಾರೆ,” ಎಂದರು.

“ಮೂರೂ ಬೇರೆ ಬೇರೆ ಕಂಪನಿ ಸರ್. ಡಬ್ಬಿ ಮೇಲೆ ಓದಿ ಬೇಕಾದ್ರೆ.”

“ಡಬ್ಬಿ ಮೇಲೆ ಹೆಸರು ಹಾಕೋದೇನಮ್ಮ ಕಷ್ಟ? ನನ್ನ ಅಂಗಡೀಲೂ ಬಗೆಬಗೆ ಹೆಸರಿನ ಫ್ರೇಮ್ ಇವೆ. ಬರೋದೆಲ್ಲ ಒಂದೇ ಗೋದಾಮಿನಿಂದ.”

“ಅದನ್ನ ನಿಮ್ಮ ಗಿರಾಕಿಗಳಿಗೂ ಹೇಳ್ತೀರಾ?” ಎಂದು ಆಕೆ ನಕ್ಕಳು. ಅವರು ನಗಲಿಲ್ಲ.

ಅನುಮಾನ ಅವರ ಕಸುಬಿನ ಜೊತೆಗೇ ಬಂದದ್ದು. ಕಣ್ಣು ಪರೀಕ್ಷೆಗೆ ಬರುವವರಲ್ಲಿ ಸುಳ್ಳು ಹೇಳದವರೇ ಕಡಿಮೆ. ವಾಹನ ಓಡಿಸುವ ಪರವಾನಗಿಗೆಂದು ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಹೊರಗಿನ ಬೆಂಚಿನಲ್ಲಿ ಕೂತೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಒಂದು ಕಣ್ಣು ಮುಚ್ಚಿಕೊಳ್ಳಿ ಎಂದರೆ ಬೆರಳ ಸಂದಿನಿಂದ ಇಣುಕುತ್ತಾರೆ. ಅದಕ್ಕೇ ಅವರು ಎಲ್ಲರ ಕಣ್ಣನ್ನೂ ತಮ್ಮ ಅಂಗೈಯಿಂದಲೇ ಮುಚ್ಚುವುದು. ಅಕ್ಷರಗಳ ಪಟವನ್ನು ಆಗಾಗ ಬದಲಾಯಿಸುವುದು. ಏನೂ ಕಾಣದವರು ಕೊನೆಗೆ “ನಿಮ್ಮ ಪಟಾನೇ ಮಾಸಿದೆ” ಎಂದು ಜಗಳಕ್ಕೆ ನಿಲ್ಲುವುದೂ ಅವರಿಗೆ ಹೊಸದಲ್ಲ. ಈಗ ತಾವೂ ಹಾಗೇ ಕೂತಿದ್ದೇವೇನೋ ಎಂಬುದು ಒಂದು ಕ್ಷಣ ಮನಸ್ಸಿಗೆ ಬಂತು. ಬಂದದ್ದನ್ನು ಅಲ್ಲೇ ತಳ್ಳಿಬಿಟ್ಟರು.

ಇದೆಲ್ಲ ಶುರುವಾದದ್ದು ಹಿಂದಿನ ಸಂಜೆ. ಹೆಂಡತಿ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸುವ ಟೀಚರ್. ಭಾನುವಾರ ಹಳೇ ವಿದ್ಯಾರ್ಥಿಗಳೆಲ್ಲ ಸೇರುತ್ತಾರೆ, ಟೀಚರ್ ಹಾಡಲೇಬೇಕು. ಪಕ್ಕದಲ್ಲಿ ಗಿಟಾರಿಗೆ ಗಂಡ ಇದ್ದೇ ಇರುತ್ತಾರೆ. ಈ ಸಲ ಅವಳ ತಮ್ಮನೂ ಕೀಬೋರ್ಡ್ ಹೊತ್ತುಕೊಂಡು ಅಭ್ಯಾಸಕ್ಕೆ ಮನೆಗೆ ಬಂದ. ಮೊದಲ ಸಾಲಿಗೇ ಗಿಟಾರೂ ಕೀಬೋರ್ಡೂ ಎರಡು ಬೆಕ್ಕುಗಳ ಹಾಗೆ ಗುರ್ ಎಂದವು. ಭಾವಮೈದುನ ಕೈ ತೆಗೆದ. “ಭಾವ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಗಿಟಾರು ಪೂರ್ತಿ ಇಳಿದುಬಿಟ್ಟಿದೆ. ಭಾನುವಾರದೊಳಗೆ ಸರಿಯಾಗದಿದ್ರೆ ಕೀಬೋರ್ಡ್ ಒಂದೇ ಸಾಕು ಬಿಡಿ. ನೀವು ಆರಾಮಾಗಿ ಮುಂದೆ ಕೂತು ಕೇಳಿ.”

ಮುಂದೆ ಕೂತು ಕೇಳುವುದು! ಮದುವೆಯಾದಾಗಿನಿಂದ ಅವಳ ಪಕ್ಕ ಬಿಟ್ಟು ಕೂತವರಲ್ಲ ಅವರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹೆಂಡತಿಯ ಮಾತು. “ಇವರ ಕಿವೀನೇ ಸರಿ ಇಲ್ಲ ಕಣೋ ಇತ್ತೀಚೆಗೆ. ಕುಕ್ಕರ್ ಕೂಗಿದ್ರೂ ಪೇಪರಿಂದ ತಲೆ ಎತ್ತಲ್ಲ,” ಎಂದು ತಮ್ಮನ ಎದುರಿಗೇ ಅಂದುಬಿಟ್ಟಳು. ಆ ರಾತ್ರಿ ಅವರು ಹಾಸಿಗೆಯಲ್ಲಿ ಮಲಗಿ ಒಂದೊಂದೇ ಕಿವಿ ಮುಚ್ಚಿಕೊಂಡು ಫ್ಯಾನಿನ ಸದ್ದು ಕೇಳಿ ನೋಡಿದರು. ಎರಡರಲ್ಲೂ ಕೇಳಿಸಿತು. ಅನುಮಾನ ಕೀಬೋರ್ಡಿನ ಮೇಲೆ ತಿರುಗಿತು. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡವನು ಅವನು. ಒಳಗೆ ಏನು ಕೆಟ್ಟಿದೆಯೋ ಯಾರಿಗೆ ಗೊತ್ತು. ಅದನ್ನು ಸಾಬೀತು ಮಾಡಲೆಂದೇ ಇವತ್ತು ಬೆಳಿಗ್ಗೆ ಹೆಂಡತಿಗೆ “ತಂತಿ ಬದಲಾಯಿಸಿಕೊಂಡು ಬರ್ತೀನಿ” ಎಂದು ಹೇಳಿ, ಮಧ್ಯಾಹ್ನ ಗಿಟಾರ್ ಹೆಗಲಿಗೇರಿಸಿ ಬಂದಿದ್ದರು.

“ಇಲ್ನೋಡಿ,” ಎಂದು ಅಂಗಡಿಯಾಕೆ ಗೋಡೆಯಿಂದ ಹೊಸ ಗಿಟಾರೊಂದನ್ನು ಇಳಿಸಿ, ಅದೇ ಟ್ಯೂನರನ್ನು ಅದರ ತಲೆಗೆ ಸಿಕ್ಕಿಸಿ ಮೀಟಿದಳು. ಅಕ್ಷರ ಸರಿಯಾಗಿ ಬಂತು.

“ಅದನ್ನ ಶ್ರುತಿ ಮಾಡಿದ್ದು ಯಾವುದರಿಂದ? ಇದೇ ಟ್ಯೂನರಿಂದ ತಾನೆ? ಆರೋಪ ಹೊರಿಸೋರೂ ನೀವೇ, ಸಾಕ್ಷೀನೂ ನೀವೇ!”

“ಅಯ್ಯೋ ದೇವರೇ. ಸರ್, ನಿಮ್ಮ ಅಂಗಡಿಗೆ ಬರೋಕೆ ನನಗೆ ಭಯ ಆಗ್ತಿದೆ ಈಗ.” ಆಕೆ ಸ್ಟೂಲೆಳೆದುಕೊಂಡು ಕೂತಳು. “ಒಂದು ಕೆಲಸ ಮಾಡಿ. ಒಂದಾದ ಮೇಲೊಂದು ಎಲ್ಲಾ ತಂತೀನೂ ಮೀಟಿ.”

ಮೀಟಿದರು. ಆರೂ ತಂತಿ ಆರು ಅಕ್ಷರ ತೋರಿಸಿದವು. ಆರೂ ಒಂದೊಂದು ಮೆಟ್ಟಿಲು ಕೆಳಗೆ.

“ಕಿವಿ ಕೆಟ್ಟೋರ ಗಿಟಾರು ಹೀಗಿರಲ್ಲ,” ಎಂದಳು ಆಕೆ. “ಒಂದು ಮೇಲಿದ್ರೆ ಒಂದು ಕೆಳಗಿರುತ್ತೆ. ನಿಮ್ಮದು ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿದೆ ನೋಡಿ. ಅಂದ್ರೆ ಮೊದಲನೇ ಸ್ವರ ಎಲ್ಲಿಂದ ತಗೊಳ್ತೀರೋ, ಅದೇ ಕೆಳಗಿದೆ. ಎಲ್ಲಿಂದ ತಗೊಳ್ತೀರಿ?”

ಕನ್ನಡಕದವರಿಗೆ ಮೊದಲು ಹಾಯೆನಿಸಿತು. ಕಿವಿ ಸರಿ ಇದೆ! ಎದ್ದು ಹೋಗಿ ಭಾವಮೈದುನನ ಎದುರು ನಿಂತು ಹೇಳಬೇಕೆನಿಸಿತು. ಆಮೇಲೆ ಆಕೆ ಕೇಳಿದ ಪ್ರಶ್ನೆ ಒಳಗಿಳಿಯಿತು.

ಅವರು ಶ್ರುತಿ ತೆಗೆದುಕೊಳ್ಳುತ್ತಿದ್ದದ್ದು ಹೆಂಡತಿಯಿಂದ. ಗಿಟಾರ್ ಕೈಗೆತ್ತಿಕೊಂಡಾಗಲೆಲ್ಲ ಹಜಾರದಿಂದ “ಕೊಡೇ!” ಎಂದು ಕೂಗುವುದು. ಅವಳು ಅಡುಗೆಮನೆಯಲ್ಲಿರಲಿ, ಬಚ್ಚಲಲ್ಲಿರಲಿ, ಕೈಯಲ್ಲಿ ಸೋಪಿನ ನೊರೆ ಇರಲಿ, ಬಾಯಿ ಮುಚ್ಚಿಕೊಂಡೇ ಒಂದು ‘ಮ್ಮ್’ ಕೊಡುವುದು. ಅದಕ್ಕೆ ಐದನೇ ತಂತಿ ಕೂರಿಸಿ, ಉಳಿದದ್ದನ್ನು ಅದರಿಂದ ಹೊಂದಿಸಿಕೊಳ್ಳುವುದು. ಅವಳ ಶಾಲೆಯಲ್ಲೂ ಮಕ್ಕಳಿಗೆ ಅದೇ ‘ಮ್ಮ್’. ವಾದ್ಯ ಬೇಕೇ ಎಂದು ಯಾರಾದರೂ ಕೇಳಿದರೆ, ನಮ್ಮ ಟೀಚರಿಗೇ ಬೇಕಿಲ್ಲ ಎಂದು ಮಕ್ಕಳು ಬೀಗುತ್ತಿದ್ದವು. ಆ ಸ್ವರ ಅಲುಗಾಡುವುದು ಉಂಟೇ ಎಂದು ಇಬ್ಬರೂ ಒಂದು ದಿನವಾದರೂ ಯೋಚಿಸಿದವರಲ್ಲ. ಹಾಗೆಂದು ಅವರು ಅಂದುಕೊಂಡಿದ್ದರು.

“ಮನೇಲೇ... ಹಳೇದೊಂದಿದೆ,” ಎಂದರು ಕನ್ನಡಕದವರು. ಅಂದಮೇಲೆ ಏಕೋ ನಾಚಿಕೆಯಾಯಿತು.

“ಹಳೇದಾದ್ರೆ ಇಳಿದಿರುತ್ತೆ ಸರ್. ಇದ್ದದ್ದೇ. ಯಾವುದು ಕೊಡ್ಲಿ? ಈ ದೊಡ್ಡ ಪರದೇದು ಬಿಸಿಲಲ್ಲೂ ಕಾಣುತ್ತೆ. ಇದರದ್ದು ಹಿಡಿತ ಗಟ್ಟಿ.”

ಅವರು ಮೂರನೆಯದನ್ನು ಎತ್ತಿಕೊಂಡರು. ಎಲ್ಲಕ್ಕಿಂತ ಅಗ್ಗದ್ದು. ಕತ್ತು ಸಡಿಲ, ಹಲ್ಲಿನ ರಬ್ಬರ್ ತೆಳು, ಬಣ್ಣ ಮಕ್ಕಳ ಆಟಿಕೆಯದು.

“ಅದೂ ಸರಿಯಾಗೇ ತೋರಿಸುತ್ತೆ. ಆದ್ರೆ ನೋಡಿದೋರು ನಂಬಲ್ಲ,” ಎಂದಳು ಅಂಗಡಿಯಾಕೆ.

“ನಂಬದಿದ್ರೇನೇ ಒಳ್ಳೇದು,” ಎಂದು ಅವರು ಜೇಬಿಗೆ ಕೈ ಹಾಕಿದರು. ಆಕೆ ವಿಚಿತ್ರವಾಗಿ ನೋಡಿದಳು. ಈಗ ಅನುಮಾನಪಡುವ ಸರದಿ ಅವಳದು.

ಮನೆಗೆ ಬಂದಾಗ ಹೆಂಡತಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಹಜಾರದ ಕಿಟಕಿಯ ಪಕ್ಕ ಕೂತು, ಯಂತ್ರ ಹೇಳಿದಂತೆ ಆರೂ ತಂತಿ ಏರಿಸಿದರು. ಅಷ್ಟು ದಿನ ಸಡಿಲವಾಗಿದ್ದ ತಂತಿಗಳು ಬೆರಳಿಗೆ ಒತ್ತತೊಡಗಿದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಟ್ಯೂನರ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಅವಳು ಒಳಗೆ ಹೋಗಿ ಮುಖ ತೊಳೆಯುತ್ತಿರುವಾಗ ಎಂದಿನಂತೆ ಕೂಗಿದರು.

“ಕೊಡೇ!”

ನಲ್ಲಿ ನಿಂತಿತು. ‘ಮ್ಮ್’ ಬಂತು. ಐದನೇ ತಂತಿಯನ್ನು ಉಗುರಿನಿಂದ ಮೆಲ್ಲಗೆ ತಾಕಿದರು. ಎರಡೂ ಕೂಡಲಿಲ್ಲ. ತಂತಿ ಮೇಲೆ, ಅವಳು ಕೆಳಗೆ. ನಡುವೆ ಒಂದು ಮೆಟ್ಟಿಲು.

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. “ಎಲ್ಲಿ ಹೊಸ ತಂತಿ?”

“ಹಾಕಿದ್ದಾಯ್ತಲ್ಲ.”

“ಅದೇ ಹಳೇ ತಂತಿ ರೀ. ಕಪ್ಪಗಾಗಿರೋದು ಇಲ್ಲಿಂದಲೇ ಕಾಣ್ತಿದೆ. ಕಣ್ಣು ನಿಮ್ಮದು ಮಾತ್ರ ಚೆನ್ನಾಗಿರೋದಾ?” ಅವಳು ಹತ್ತಿರ ಬಂದಳು. “ಆ ಜೇಬಲ್ಲಿ ಏನು ಮಿಣುಕ್ತಿರೋದು?”

ಅಗ್ಗದ ಯಂತ್ರಕ್ಕೆ ತಾನಾಗಿ ಆರಲು ತಡ. ತೆಳು ಬಿಳಿ ಅಂಗಿಯೊಳಗಿಂದ ಅದು ಬೆಳಗುತ್ತಲೇ ಇತ್ತು. ಕನ್ನಡಕದವರು ತೆಗೆದು ಟೀಪಾಯಿಯ ಮೇಲಿಟ್ಟರು. “ಏನೋ ಟ್ಯೂನರ್ ಅಂತೆ. ಅಗ್ಗಕ್ಕೆ ಸಿಕ್ತು. ಏನೇನೋ ತೋರಿಸುತ್ತೆ ಕಣೇ, ಒಂದೂ ನಂಬೋ ಹಾಗಿಲ್ಲ.”

“ನಂಬೋ ಹಾಗಿಲ್ದೇ ಇರೋದನ್ನ ಯಾಕೆ ತಂದ್ರಿ? ಟೊಮ್ಯಾಟೋ ತರೋಕೆ ಹೋದ್ರೂ ಒಂದೊಂದನ್ನೇ ಹಿಸುಕಿ ನೋಡೋರು ನೀವು.”

“ಸುಮ್ನೆ. ನೋಡೋಣ ಅಂತ.”

ಅವಳು ಟ್ಯೂನರ್ ಎತ್ತಿಕೊಂಡು ಅದರ ಬಾಯಿ ತೆಗೆದು ಮುಚ್ಚಿ ಮಾಡಿದಳು. “ಇದು ಕಿವಿಯಿಂದ ಕೇಳಿಸಿಕೊಳ್ಳಲ್ಲ ಅಲ್ವಾ? ಕಚ್ಚಿಕೊಂಡಿರೋ ಮರದ ನಡುಕಾನ ಹಿಡಿಯುತ್ತೆ. ಶಾಲೇಲಿ ಒಬ್ಬ ಹುಡುಗಿ ಹತ್ರ ಇದೆ.” ಎಂದವಳು, ಅವರು ಬೇಡ ಬೇಡ ಎನ್ನುವಷ್ಟರಲ್ಲಿ, ಅದರ ತುದಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿಕೊಂಡು, ಪರದೆಯನ್ನು ಗಂಡನ ಕಡೆ ತಿರುಗಿಸಿ, ‘ಮ್ಮ್’ ಎಂದಳು.

ಪರದೆಯಲ್ಲಿ ಅಕ್ಷರ ಮೂಡಿತು. ಕನ್ನಡಕದವರು ನೋಡಿದರು. ಅವಳು ಉಸಿರು ಮುಗಿಯುವವರೆಗೂ ನಿಲ್ಲಿಸಲಿಲ್ಲ, ಅಕ್ಷರವೂ ಅಲುಗಲಿಲ್ಲ.

“ಏನಂತು?” ಎಂದಳು ಬಾಯಿಂದ ತೆಗೆದು.

ಸುಳ್ಳು ಹೇಳಲು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಇದ್ದವು. ಅವಳ ಮುಖ ನೋಡಿ ಒಂದೂ ಬರಲಿಲ್ಲ. “ಒಂದು ಮೆಟ್ಟಿಲು ಕೆಳಗೆ.”

ಅವಳು ಆಶ್ಚರ್ಯಪಡಲಿಲ್ಲ. ಟ್ಯೂನರಿನ ಮೇಲಿನ ಎಂಜಲನ್ನು ಸೆರಗಿನಲ್ಲಿ ಒರೆಸಿ ಟೀಪಾಯಿಯ ಮೇಲಿಟ್ಟಳು, ಅಷ್ಟೆ. ಕಣ್ಣು ಪರೀಕ್ಷೆ ಮಾಡಿ ಮಾಡಿ ಮುಖ ಓದುವುದು ಅವರಿಗೆ ಅಭ್ಯಾಸವಾಗಿತ್ತು. ಪಟ ಬಾಯಿಪಾಠ ಮಾಡಿಕೊಂಡು ಬಂದವರ ಮುಖ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತು.

“ನಿನಗೆ ಗೊತ್ತಿತ್ತು,” ಎಂದರು.

“ಹೂಂ.”

“ಯಾವಾಗಿಂದ?”

“ನನಗೆ ಆ ದೊಡ್ಡ ಜ್ವರ ಬಂದು ಹೋಯ್ತಲ್ಲ, ಆಗಿಂದ. ಹಳೇ ಸ್ವರಕ್ಕೆ ಹತ್ತೋಕೆ ಆಗಲಿಲ್ಲ. ಸ್ವಲ್ಪ ಇಳಿಸಿ ಕೊಟ್ಟೆ. ನೀವು ಅದಕ್ಕೇ ಗಿಟಾರು ಕೂರಿಸಿಕೊಂಡ್ರಿ. ಆಮೇಲೆ ಇನ್ನೂ ಸ್ವಲ್ಪ. ಅದಕ್ಕೂ ಕೂರಿಸಿಕೊಂಡ್ರಿ.”

“ಮತ್ತೆ ನಿನ್ನೆ? ನಿನ್ನ ತಮ್ಮನ ಮುಂದೆ? ನನ್ನ ಕಿವಿ ಮೇಲೆ ಹಾಕಿದೆಯಲ್ಲೇ!” ಅವರ ದನಿ ಏರಿತು. “ರಾತ್ರಿಯೆಲ್ಲ ಫ್ಯಾನು ಕೇಳಿಸಿಕೊಂಡು ಮಲಗಿದ್ದೆ ನಾನು! ಕಿವುಡನಾದೆ ಅಂತ!”

“ನಿಮ್ಮ ಕಿವಿ ಹೋದ್ರೆ ಏನಾಗುತ್ತೆ ರೀ? ನೀವು ಕಿವಿಯಿಂದ ಅಂಗಡಿ ನಡೆಸ್ತೀರಾ?” ಅವಳದೂ ಏರಿತು, ಅರ್ಧದಲ್ಲಿ ಒಡೆಯಿತು. “ನನ್ನದು ಗಂಟಲು. ಟೀಚರ ಸ್ವರಾನೇ ಇಳಿದುಹೋಗಿದೆ ಅಂತ ಭಾನುವಾರ ಎಲ್ಲರ ಮುಂದೆ ಗೊತ್ತಾದ್ರೆ, ಸೋಮವಾರ ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಹೋಗ್ಲಿ? ಶಾಲೆಯೋರು ಹೊಸಬರನ್ನ ಹುಡುಕ್ತಿದಾರಂತೆ ಆಗಲೇ. ನಿಮ್ಮ ತಲೆ ಮೇಲೆ ಹಾಕಿದೆ. ಮನೆಯೋರು ಅಂತ ಹಾಕಿದೆ. ಬೇರೆಯೋರ ಮೇಲೆ ಹಾಕೋಕಾಗುತ್ತಾ?”

ಕನ್ನಡಕದವರಿಗೆ ಕೋಪವಿತ್ತು, ಆದರೆ ಅದನ್ನು ಇಡಲು ಜಾಗ ಸಿಗಲಿಲ್ಲ. ಮದುವೆಯಾದಾಗಿನಿಂದ ಕಣ್ಣು ಮುಚ್ಚಿ ನಂಬಿದ್ದು ಅವಳೊಬ್ಬಳನ್ನೇ. ಸುಳ್ಳು ಹೇಳಿದವಳೂ ಅವಳೇ. ಆ ಸುಳ್ಳಿಗೆ ದಿನಾ ತಂತಿ ಕೂರಿಸಿಕೊಟ್ಟವರು ತಾವೇ.

ಗೇಟಿನ ಚಿಲಕ ಸದ್ದು ಮಾಡಿತು. ಭಾವಮೈದುನ ಕೀಬೋರ್ಡಿನ ಉದ್ದನೆಯ ಚೀಲವನ್ನು ಅಡ್ಡಡ್ಡ ಹಿಡಿದು, ಬಾಗಿಲ ಚೌಕಟ್ಟಿಗೆ ತಾಗಿಸದಂತೆ ಒಳಗೆ ತರುವ ಸರ್ಕಸ್ಸು ನಡೆಸಿದ. ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

“ಏನ್ ಭಾವ, ಗಿಟಾರು ಸರಿಯಾಯ್ತಾ?” ಎಂದು ಅವನು ಊಟದ ಮೇಜಿನ ಮೇಲೆ ಕೀಬೋರ್ಡ್ ಬಿಚ್ಚುತ್ತ ಕೇಳಿದ. “ಹೋ, ಟ್ಯೂನರ್ ಬೇರೆ ತಂದಿದೀರಾ! ಈಗ ಗೊತ್ತಾಗುತ್ತೆ ಬಿಡಿ ಯಾರದು ತಪ್ಪು ಅಂತ.”

ಹೆಂಡತಿ ಉಸಿರು ಬಿಗಿಹಿಡಿದದ್ದು ಕನ್ನಡಕದವರಿಗೆ ಕೇಳಿಸಿತು. ಅಷ್ಟು ಚೆನ್ನಾಗಿತ್ತು ಕಿವಿ.

“ಗೊತ್ತಾಯ್ತಪ್ಪ,” ಎಂದರು. “ನಿಮ್ಮಕ್ಕ ಹೇಳಿದ್ದೇ ನಿಜ, ನನ್ನ ಕಿವಿ ಹಳ್ಳ ಹಿಡಿದಿದೆ. ಇದು ಇಳಿದ ಶ್ರುತಿಗೇ ಹೊಂದಿಕೊಂಡುಬಿಟ್ಟಿದೆ. ಮೇಲೇರಿಸಿದ್ರೆ ನುಡಿಸೋಕೆ ಬರಲ್ಲ. ನಿನ್ನ ಕೀಬೋರ್ಡನ್ನೇ ಒಂದು ಮೆಟ್ಟಿಲು ಇಳಿಸು.”

“ಇಳಿಸೋದೇನು, ಒಂದು ಬಟನ್ ಭಾವ. ಆದ್ರೂ ನಿಮ್ಮೊಬ್ಬರಿಗೋಸ್ಕರ...” ಅವನು ಅಕ್ಕನ ಕಡೆ ತಿರುಗಿದ. “ಅಕ್ಕಾ, ನೀನೇ ಹೇಳು. ಭಾವನ್ನ ಕೂರಿಸಿ, ನಾವಿಬ್ಬರೇ ಮಾಡಿಬಿಡೋಣ್ವಾ?”

“ಅವರ ಗಿಟಾರಿಲ್ದೆ ನಾನು ಬಾಯಿ ತೆಗೆಯಲ್ಲ,” ಎಂದಳು ಅವಳು. “ಬಟನ್ ಒತ್ತು ಸುಮ್ನೆ.”

ಅವನು ಭುಜ ಕುಣಿಸಿ ಬಟನ್ ಒತ್ತಿದ. ಕನ್ನಡಕದವರು ಗಿಟಾರಿನ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸತೊಡಗಿದರು. ಟೀಪಾಯಿಯ ಮೇಲೆ ನೀರಿನ ಲೋಟ ಇಡಬೇಕಿತ್ತು. ಹೆಂಡತಿ ಟ್ಯೂನರನ್ನು ಎತ್ತಿ ಊಟದ ಮೇಜಿನ ಅಂಚಿಗೆ ಸಿಕ್ಕಿಸಿದಳು. ಕೀಬೋರ್ಡ್ ಶುರುವಾಗುತ್ತಲೇ ಮೇಜಿನ ಹಲಗೆ ಸಣ್ಣಗೆ ನಡುಗಿತು, ಪುಟ್ಟ ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಬಂದು ಹೋಗತೊಡಗಿದವು. ಅವಳು ಹಾಡಲು ನೆಟ್ಟಗೆ ನಿಂತಳು, ಗಂಟಲು ಸರಿಮಾಡಿಕೊಂಡಳು. ಮೊದಲ ಸಾಲು ಎತ್ತಿಕೊಳ್ಳುವ ಮುಂಚೆ ಕೈಗೆ ಸಿಕ್ಕ ಕರವಸ್ತ್ರವನ್ನು ಟ್ಯೂನರಿನ ಮೇಲೆ ಹಾಕಿದಳು. ಬಟ್ಟೆಯಡಿಯಲ್ಲಿ ಸ್ವಲ್ಪ ಹೊತ್ತು ಬೆಳಕು ಮಿನುಗುತ್ತಲೇ ಇತ್ತು.